ಡ್ರಾಫ್ಟ್‌ಗೆ ಮುಂಚೆ ಫೂಟಿಯ ಮಿಡ್‌ಫೀಲ್ಡ್ ಹುಡುಗರನ್ನು ಹೋಲಿಸಿ ನೋಡುವುದು ಹೇಗೆ

ಫೂಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಅದರ ದೊಡ್ಡ ಲೀಗ್ ಎಎಫ್‌ಎಲ್. ನವೆಂಬರ್‌ನಲ್ಲಿ ಎಎಫ್‌ಎಲ್ ಡ್ರಾಫ್ಟ್, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ. ಅಕ್ಟೋಬರ್ ಬಂತೆಂದರೆ ಸಾಕು, ನನ್ನ ಆಫೀಸಿನಲ್ಲೂ ಮಗನ ಕ್ಲಬ್ಬಿನ ಬೌಂಡರಿ ಪಕ್ಕದಲ್ಲೂ ಒಂದೇ ಮಾತು. ಆ ಮಿಡ್‌ಫೀಲ್ಡರ್ ಮೇಲಾ, ಈ ಮಿಡ್‌ಫೀಲ್ಡರ್ ಮೇಲಾ? ಮಿಡ್‌ಫೀಲ್ಡರ್ ಅಂದರೆ ಮೈದಾನದ ನಡುವೆ ಚೆಂಡು ಗೆದ್ದು ಮುಂದೆ ಸಾಗಿಸುವವನು. ಮುಕ್ಕಾಲು ಪಾಲು ಜನ ಉತ್ತರ ಹುಡುಕುವುದು ಒಂದೇ ಅಂಕಿಯಲ್ಲಿ. ಒಂದು ಮ್ಯಾಚ್‌ನಲ್ಲಿ ಹುಡುಗ ಎಷ್ಟು ಸಲ ಚೆಂಡನ್ನು ಒದ್ದ, ಎಷ್ಟು ಸಲ ಹ್ಯಾಂಡ್‌ಬಾಲ್ ಮಾಡಿದ (ಒಂದು ಕೈಯಲ್ಲಿ ಹಿಡಿದ ಚೆಂಡನ್ನು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆದು ಕೊಡುವುದು) ಅನ್ನುವ ಒಟ್ಟು ಲೆಕ್ಕ. ಅದಕ್ಕೆ ಡಿಸ್ಪೋಸಲ್ ಅನ್ನುತ್ತಾರೆ. 30 ಇದ್ದವನು 22 ಇದ್ದವನಿಗಿಂತ ಮೇಲು, ಅಲ್ಲಿಗೆ ಚರ್ಚೆ ಮುಗೀತು.

ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಮಿಡ್‌ಫೀಲ್ಡರ್ ಎಂಥವನು ಅನ್ನೋದು ಗೊತ್ತಾಗುವುದು ಚೆಂಡು ಕೈಗೆ ಬರುವ ಮೊದಲಿನ ಎರಡು ಸೆಕೆಂಡಿನಲ್ಲಿ, ಆಮೇಲೆ ಚೆಂಡು ಕೈಬಿಟ್ಟ ಹತ್ತು ಸೆಕೆಂಡಿನಲ್ಲಿ. ಈ ಎರಡು ಹೊತ್ತಿನಲ್ಲಿ ಹುಡುಗ ಏನು ಮಾಡುತ್ತಾನೆ ಅನ್ನೋದು ಯಾವ ಅಂಕಿಪಟ್ಟಿಯಲ್ಲೂ ಸರಿಯಾಗಿ ಬರುವುದಿಲ್ಲ. ಚಳಿಗಾಲದ ವಾರಾಂತ್ಯಗಳಲ್ಲಿ ನಾನು ಅಂಡರ್-18 ಮ್ಯಾಚ್‌ಗಳನ್ನು ನೋಡುತ್ತಾ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಇದನ್ನೇ. ನೀವೂ ಮಾಡಬಹುದು. ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಪೆನ್ನು, ದಪ್ಪ ಜಾಕೆಟ್ಟು, ಒಂದಿಷ್ಟು ತಾಳ್ಮೆ ಇದ್ದರೆ ಆಯ್ತು.

ಯಾರ ಎದುರು ಆಡಿದ ಅಂತ ಮೊದಲು ನೋಡಿ

ಡ್ರಾಫ್ಟ್‌ಗೆ ಬರುವ ಹೆಚ್ಚಿನ ಹುಡುಗರು ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವವರು. ಆದರೆ ಎಲ್ಲರೂ ಒಂದೇ ಟೂರ್ನಿಯಲ್ಲಿ ಆಡುವುದಿಲ್ಲ. ವಿಕ್ಟೋರಿಯಾದವರು ಟ್ಯಾಲೆಂಟ್ ಲೀಗ್‌ನಲ್ಲಿ ಆಡುತ್ತಾರೆ. ಓಕ್ಲಿ ಚಾರ್ಜರ್ಸ್, ಸ್ಯಾಂಡ್ರಿಂಗಮ್ ಡ್ರ್ಯಾಗನ್ಸ್, ಬೆಂಡಿಗೊ ಪಯನಿಯರ್ಸ್, ಗಿಪ್ಸ್‌ಲ್ಯಾಂಡ್ ಪವರ್ ಇವೆಲ್ಲ ಅಲ್ಲಿನ ತಂಡಗಳು. ಪಶ್ಚಿಮ ಆಸ್ಟ್ರೇಲಿಯಾದವರಿಗೆ ಕೋಲ್ಟ್ಸ್ ಅನ್ನುವ ಕಿರಿಯರ ಟೂರ್ನಿ, ದಕ್ಷಿಣ ಆಸ್ಟ್ರೇಲಿಯಾದವರಿಗೆ ಅಲ್ಲಿನ ಅಂಡರ್-18. ಇದರ ಮೇಲೆ ರಾಷ್ಟ್ರೀಯ ಅಂಡರ್-18 ಚಾಂಪಿಯನ್‌ಶಿಪ್ ಇದೆ. ಅದರಲ್ಲಿ ವಿಕ್ಟೋರಿಯಾದ ನಗರದವರ ವಿಕ್ ಮೆಟ್ರೊ, ಹಳ್ಳಿಗಾಡಿನವರ ವಿಕ್ ಕಂಟ್ರಿ, ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ ಮತ್ತು ಉಳಿದ ಕಡೆಯವರ ಅಲೈಸ್ ತಂಡ ಆಡುತ್ತವೆ. ಇಬ್ಬರು ಹುಡುಗರನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎದುರಾಳಿಗಳ ಮಟ್ಟ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಇರುತ್ತೆ.

ಅಡಿಲೇಡ್, ಪರ್ತ್ ಕಡೆಯ ಕೆಲವು ಹುಡುಗರು 17ನೇ ವಯಸ್ಸಿಗೇ ದೊಡ್ಡವರ ಲೀಗ್‌ನಲ್ಲಿ ಆಡುತ್ತಾರೆ. 2021ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಹೋದ ಜೇಸನ್ ಹಾರ್ನ್-ಫ್ರಾನ್ಸಿಸ್ ಸೌತ್ ಅಡಿಲೇಡ್‌ನ ಸೀನಿಯರ್ ತಂಡದಲ್ಲಿ ಆಡಿ ಬಂದವನು. 2024ರಲ್ಲಿ 4ನೆಯವನಾಗಿ ಹೋದ ಸಿಡ್ ಡ್ರೇಪರ್ ಕೂಡ ಅದೇ ಕ್ಲಬ್ಬಿನ ಸೀನಿಯರ್ ತಂಡದಲ್ಲಿ ಆಡಿದ್ದ. ಗಡ್ಡ ಬೆಳೆಸಿದ, 90 ಕಿಲೋ ತೂಗುವ ಗಂಡಸರ ಮಧ್ಯೆ 16 ಡಿಸ್ಪೋಸಲ್ ಅಂದರೆ ಸಣ್ಣ ಮಾತಲ್ಲ. ಅದನ್ನು ಶಾಲಾ ಹುಡುಗರ ನಡುವಿನ 28ರ ಪಕ್ಕ ಇಟ್ಟು ಕಮ್ಮಿ ಅನ್ನಬೇಡಿ.

ಮೆಲ್ಬರ್ನ್‌ನ ದೊಡ್ಡ ಖಾಸಗಿ ಶಾಲೆಗಳಲ್ಲಿ ಓದುವವರದು ಬೇರೆ ಕಥೆ. ಅವರು ವರ್ಷದ ಸುಮಾರು ಭಾಗ ಶಾಲೆಯ ತಂಡಕ್ಕೆ ಆಡುತ್ತಾರೆ. ಟ್ಯಾಲೆಂಟ್ ಲೀಗ್‌ನಲ್ಲಿ ಅವರ ಹೆಸರಿನ ಮುಂದೆ ಕೆಲವೇ ಮ್ಯಾಚ್ ಇರುತ್ತೆ. ಅಷ್ಟು ಕಡಿಮೆ ಮ್ಯಾಚ್‌ನ ಸರಾಸರಿ ಮೇಲೆ ತೀರ್ಪು ಕೊಡುವುದು ಬೇಡ. ಒಂದು ಮಳೆಯ ದಿನ ಸಾಕು, ಆ ಸರಾಸರಿ ಎತ್ತಲೋ ಹೋಗುತ್ತೆ.

ಹುಟ್ಟಿದ ತಿಂಗಳನ್ನೂ ಬರೆದುಕೊಳ್ಳಿ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಒಂದೇ ಡ್ರಾಫ್ಟ್. ಆದರೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. 17ನೇ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಭುಜ, ತೊಡೆ, ಉಸಿರು ಎಲ್ಲದರಲ್ಲೂ ವ್ಯತ್ಯಾಸ.

ಅಂಕಿಗಳನ್ನು ಬಿಡಿಸಿ ಓದಿ

ಅಂಕಿಗಳನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಒಡೆದು ಓದಿ ಅನ್ನುತ್ತಿದ್ದೇನೆ. ಇಬ್ಬರು ಹುಡುಗರು ಅಂದುಕೊಳ್ಳಿ. ಒಬ್ಬನಿಗೆ 30 ಡಿಸ್ಪೋಸಲ್. ಆದರೆ ಎದುರಾಳಿಯ ಜೊತೆ ಕಾದಾಡಿ ಚೆಂಡು ಗೆದ್ದಿದ್ದು 8 ಸಲ ಮಾತ್ರ. ಇನ್ನೊಬ್ಬನಿಗೆ 21 ಡಿಸ್ಪೋಸಲ್, ಕಾದಾಡಿ ಗೆದ್ದಿದ್ದು 13 ಸಲ. ಹೀಗೆ ಗೆಲ್ಲುವುದಕ್ಕೆ ಕಂಟೆಸ್ಟೆಡ್ ಪೊಸೆಷನ್ ಅನ್ನುತ್ತಾರೆ. ಎರಡನೆಯವನ ತಂಡಕ್ಕೆ ಚೆಂಡು ಸಿಕ್ಕಿದ್ದೇ ಅವನಿಂದ. ಮೊದಲನೆಯವನಿಗೆ ಬೇರೆ ಯಾರೋ ಗೆದ್ದು ಕೊಟ್ಟಿದ್ದಾರೆ. ಅದೂ ಕೆಲಸವೇ, ಖಾಲಿ ಜಾಗ ಹುಡುಕಿ ಓಡಿ ಚೆಂಡು ಪಡೆಯುವುದು ಸುಲಭ ಅಲ್ಲ. ಆದರೆ ಇಬ್ಬರೂ ಒಂದೇ ಕೆಲಸಕ್ಕೆ ಅರ್ಜಿ ಹಾಕಿದವರಲ್ಲ.

ಹಾಗಾಗಿ ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಬೇಡಿ. ಗುಂಪಿನೊಳಗೆ ನುಗ್ಗಿ ಚೆಂಡು ತೆಗೆಯುವವರು ಒಂದು ಕಡೆ, ಹೊರಗೆ ಓಡುವವರು ಇನ್ನೊಂದು ಕಡೆ. ಎರಡನ್ನೂ ಮಾಡುವವರು ವರ್ಷಕ್ಕೆ ಇಬ್ಬರೋ ಮೂವರೋ ಸಿಗುತ್ತಾರೆ. ಅವರಿಗೆ ಬೇರೆಯೇ ಸಾಲು ಇರಲಿ.

ಆಮೇಲೆ ಕ್ಲಿಯರೆನ್ಸ್ ನೋಡಿ. ಆಟ ನಿಂತು ಅಂಪೈರ್ ಮತ್ತೆ ಚೆಂಡು ಬಿಟ್ಟಾಗ, ಆ ಗುಂಪಿನಿಂದ ಚೆಂಡನ್ನು ಹೊರಗೆ ಸಾಗಿಸಿದವನ ಲೆಕ್ಕಕ್ಕೆ ಇದು ಸೇರುತ್ತೆ. ಎಎಫ್‌ಎಲ್‌ನಲ್ಲಿ 2019ರಿಂದ 6-6-6 ನಿಯಮ ಇದೆ. ಆಟ ಮಧ್ಯದಿಂದ ಶುರುವಾಗುವಾಗ ಪ್ರತಿ ತಂಡದವರು ಹಿಂದೆ ಆರು, ನಡುವೆ ಆರು, ಮುಂದೆ ಆರು ಜನ ನಿಲ್ಲಬೇಕು, ನಡುವಿನ ಚೌಕದೊಳಗೆ ನಾಲ್ಕೇ ಜನ ಇರಬೇಕು. ಅದರಲ್ಲಿ ಒಬ್ಬ ರಕ್‌ಮನ್, ಅಂಪೈರ್ ಬಿಟ್ಟ ಚೆಂಡಿಗೆ ಜಿಗಿದು ತನ್ನವರ ಕಡೆ ತಟ್ಟುವ ಎತ್ತರದ ಆಟಗಾರ. ಉಳಿದದ್ದು ಮೂರು ಜಾಗ. ಕೋಚ್ ಆ ಮೂರು ಜಾಗಕ್ಕೆ ಯಾರನ್ನು ಕಳಿಸುತ್ತಾನೆ, ಅದರಲ್ಲೂ ನಾಲ್ಕನೇ ಕ್ವಾರ್ಟರ್‌ನಲ್ಲಿ ಸ್ಕೋರ್ ಹತ್ತಿರ ಇರುವಾಗ ಯಾರನ್ನು ಕಳಿಸುತ್ತಾನೆ ಅಂತ ಬರೆದುಕೊಳ್ಳಿ. ವಾರವಿಡೀ ಆ ಹುಡುಗನನ್ನು ಟ್ರೇನಿಂಗ್‌ನಲ್ಲಿ ನೋಡಿದ ಮನುಷ್ಯನ ಅಭಿಪ್ರಾಯ ಅದು, ನಿಮಗೆ ಪುಕ್ಕಟೆ ಸಿಗುತ್ತೆ.

ಆದರೆ ಚೌಕದಲ್ಲಿ ಜಾಗ ಸಿಗದವನನ್ನು ತಕ್ಷಣ ಹೊಡೆದುಹಾಕಲೂಬಾರದು. ದೊಡ್ಡ ತಂಡಗಳಲ್ಲಿ ಮಿಡ್‌ಫೀಲ್ಡರ್‌ಗಳ ನೂಕುನುಗ್ಗಲು ಇರುತ್ತೆ. 2024ರಲ್ಲಿ ಸ್ಯಾಂಡ್ರಿಂಗಮ್ ಡ್ರ್ಯಾಗನ್ಸ್ ಹಾಗೆಯೇ ಇತ್ತು. ಅಲ್ಲಿಂದ ಬಂದ ಮರ್ಫಿ ರೀಡ್ ಡ್ರಾಫ್ಟ್‌ನ 17ನೇ ಪಿಕ್‌ವರೆಗೆ, ಅಂದರೆ 17ನೇ ಆಯ್ಕೆಯವರೆಗೆ, ಕಾಯಬೇಕಾಯಿತು. ಫ್ರೀಮ್ಯಾಂಟಲ್ ತೆಗೆದುಕೊಂಡಿತು. ಮರುವರ್ಷ, 2025ರಲ್ಲಿ, ಅದೇ ಹುಡುಗ ಇಡೀ ಲೀಗ್‌ನ ಅತ್ಯುತ್ತಮ ಹೊಸಬನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಗೆದ್ದ.

ಮೈದಾನದ ಪಕ್ಕ ನಿಂತು ನೋಡುವುದು

ನಿಜವಾದ ಕೆಲಸ ಇಲ್ಲಿದೆ. ಒಂದು ಕ್ವಾರ್ಟರ್, ಒಬ್ಬನೇ ಹುಡುಗ. ಚೆಂಡು ಎಲ್ಲಿಗಾದರೂ ಹೋಗಲಿ, ನಿಮ್ಮ ಕಣ್ಣು ಅವನ ಮೇಲಿರಲಿ. ಮೊದಮೊದಲು ಬಹಳ ಕಷ್ಟ ಆಗುತ್ತೆ. ಸುತ್ತ ಎಲ್ಲರೂ ಗೋಲ್ ಅಂತ ಕೂಗುವಾಗ ಆ ಕಡೆ ನೋಡದೆ ಇರೋದು ಸುಲಭ ಅಲ್ಲ. ಮುಂದಿನ ಕ್ವಾರ್ಟರ್ ಇನ್ನೊಬ್ಬನನ್ನು ನೋಡಿ. ಒಂದೇ ಮ್ಯಾಚ್‌ನಲ್ಲಿ ಇಬ್ಬರನ್ನು ಎರಡೆರಡು ಕ್ವಾರ್ಟರ್ ನೋಡಿದರೆ ಹೋಲಿಸಲು ಬೇಕಾದಷ್ಟು ಸಾಮಗ್ರಿ ಸಿಗುತ್ತೆ.

ಸ್ಯಾಂಡ್ರಿಂಗಮ್‌ನ ಟ್ರೆವರ್ ಬಾರ್ಕರ್ ಓವಲ್ ನನಗೆ ತುಂಬಾ ಇಷ್ಟದ ಜಾಗ. ಸಮುದ್ರ ಪಕ್ಕದಲ್ಲೇ ಇದೆ, ಗಾಳಿ ಜೋರು. ಗಾಳಿ ಇರುವ ದಿನ ಒದ್ದ ಚೆಂಡು ನೆಟ್ಟಗೆ ಹೋಗುವುದಿಲ್ಲ, ಆಟ ಮತ್ತೆ ಮತ್ತೆ ನಿಲ್ಲುತ್ತೆ. ಬೌಂಡರಿ ಗೆರೆ ದಾಟಿದ ಚೆಂಡನ್ನು ಹಲವು ಸಲ ಅಂಪೈರ್ ಬೆನ್ನು ತಿರುಗಿಸಿ ತಲೆಯ ಮೇಲಿಂದ ಒಳಗೆ ಎಸೆಯುತ್ತಾರೆ. ನೀವು ಬೇಲಿಯ ಹತ್ತಿರ ನಿಂತಿದ್ದರೆ ಕೆಲವೇ ಮೀಟರ್ ದೂರದಲ್ಲಿ ಎಲ್ಲ ನಡೆಯುತ್ತೆ.

ಆಗ ನೋಡಬೇಕಾದ್ದು ಇದು. ಅಂಪೈರ್ ಕೈಯಲ್ಲಿ ಚೆಂಡು ಇರುವಾಗ ನಿಮ್ಮ ಹುಡುಗ ಎಲ್ಲಿ ನಿಂತಿದ್ದಾನೆ? ಒಮ್ಮೆಯಾದರೂ ತಲೆ ತಿರುಗಿಸಿ ಬೆನ್ನ ಹಿಂದೆ ನೋಡಿದನಾ? ಚೆಂಡು ಗಾಳಿಯಲ್ಲಿರುವಾಗ ಅವನ ಕಾಲು ಚಲಿಸುತ್ತಿದೆಯಾ, ಇಲ್ಲ ರಕ್‌ಮನ್ ಚೆಂಡಿಗೆ ಕೈ ತಾಗಿಸಿದ ಮೇಲೆ ಎಚ್ಚರವಾಗುತ್ತಾನಾ? ಊರಿನ ಬಸ್ ಸ್ಟ್ಯಾಂಡ್‌ನಲ್ಲಿ ಬಸ್ಸಿನ ಬಾಗಿಲು ಬಂದು ನಿಲ್ಲುವ ಜಾಗವನ್ನು ಮೊದಲೇ ಅಂದಾಜು ಮಾಡಿ ನಿಲ್ಲುವವರು ಇರುತ್ತಾರಲ್ಲ, ಒಳ್ಳೆಯ ಮಿಡ್‌ಫೀಲ್ಡರ್ ಹಾಗೆ ನಿಲ್ಲುತ್ತಾನೆ. ನುಗ್ಗುವ ಅಗತ್ಯವೇ ಅವನಿಗೆ ಕಡಿಮೆ. ಚೆಂಡು ಕೈಗೆ ಬಂದಾಗ ಅವನ ಸೊಂಟ ಆಗಲೇ ಹೊರಗಿನ ದಾರಿಯ ಕಡೆ ತಿರುಗಿರುತ್ತೆ. ಒಂದು ಹೆಜ್ಜೆ, ಅಷ್ಟರಲ್ಲಿ ಹ್ಯಾಂಡ್‌ಬಾಲ್ ಹೋಗಿರುತ್ತೆ. ಹಿಡಿಯಲು ಬಂದವನ ಕೈಗೆ ಜರ್ಸಿಯೂ ಸಿಗುವುದಿಲ್ಲ.

ಬರೀ ದೇಹಬಲದಿಂದ ಗೆಲ್ಲುವವನೂ ಇದೇ ಚೆಂಡನ್ನು ಗೆಲ್ಲುತ್ತಾನೆ, ಅಂಕಿಪಟ್ಟಿಯಲ್ಲಿ ಇಬ್ಬರಿಗೂ ಒಂದೊಂದು ಕ್ಲಿಯರೆನ್ಸ್. ಆದರೆ ಅವನು ತಡವಾಗಿ ಬಂದು, ಇಬ್ಬರನ್ನು ಭುಜದಿಂದ ಸರಿಸಿ ತೆಗೆಯುತ್ತಾನೆ. 17ನೇ ವಯಸ್ಸಿಗೆ ಬೇಗ ಬೆಳೆದ ಮೈ ಇದ್ದರೆ ಇದು ನಡೆಯುತ್ತೆ. ಮುಂದಿನ ವರ್ಷ ಎದುರಿಗೆ ನಿಲ್ಲುವುದು ಎಎಫ್‌ಎಲ್‌ನ ಭಾರೀ ಮೈಕಟ್ಟಿನ ಮಿಡ್‌ಫೀಲ್ಡರ್ ಪ್ಯಾಟ್ರಿಕ್ ಕ್ರಿಪ್ಸ್‌ನಂಥವರು. ಆಗ ಆ ಭುಜ ಯಾರನ್ನೂ ಸರಿಸುವುದಿಲ್ಲ. ಬಲ ಇರೋದು ತಪ್ಪಲ್ಲ. ಬಲದ ಜೊತೆ ಮೊದಲೇ ಓದುವ ಕಣ್ಣೂ ಇದೆಯಾ ಅಂತ ನೋಡಿ, ಅಷ್ಟೇ.

ನನ್ನ ನೋಟ್‌ಬುಕ್ಕಿನ ಗುರುತುಗಳನ್ನು ಹೇಳಿಬಿಡುತ್ತೇನೆ. ಗುಂಪಿನೊಳಗೆ ತಾನೇ ಗೆದ್ದರೆ 'ಗ'. ಹೊರಗೆ ನಿಂತು ಪಡೆದರೆ 'ಹೊ'. ಅದರ ಪಕ್ಕ ಬಲಗಾಲು ಬಲಗೈಯಾದರೆ 'ಬ', ಎಡವಾದರೆ 'ಎ'. ಮುಂದೆ ಚೆಂಡು ನಮ್ಮವನ ಕೈಗೇ ಸಲೀಸಾಗಿ ಸೇರಿದರೆ ಒಂದು ಟಿಕ್. ಸೇರಿತು ಆದರೆ ಪಡೆದವನು ನಿಂತುಬಿಡಬೇಕಾಯಿತು, ಬಗ್ಗಬೇಕಾಯಿತು ಅಂದರೆ ಒಂದು ಚುಕ್ಕಿ. ಎದುರಾಳಿಗೆ ಹೋದರೆ ಅಡ್ಡ ಗೀಟು. ಈ ಚುಕ್ಕಿ ನನಗೆ ಬಹಳ ಮುಖ್ಯ. ಅಂಕಿಪಟ್ಟಿಯ ಪ್ರಕಾರ ಅದು ಸರಿಯಾದ ಪಾಸ್. ಮೈದಾನದಲ್ಲಿ ಮಾತ್ರ ಅದು ಗೆಳೆಯನನ್ನು ಟ್ಯಾಕಲ್‌ಗೆ, ಅಂದರೆ ಎದುರಾಳಿಯ ಹಿಡಿತಕ್ಕೆ, ಸಿಕ್ಕಿಸಿದ ಪಾಸ್. ಒಂದು ಕ್ವಾರ್ಟರ್‌ನಲ್ಲಿ ಚುಕ್ಕಿ ಜಾಸ್ತಿ ಇದ್ದರೆ ಆ 30ರ ಬೆಲೆ ತಾನಾಗಿಯೇ ಇಳಿಯುತ್ತೆ.

'ಎ' ಎಷ್ಟಿದೆ ಅಂತಲೂ ಎಣಿಸಿ. ಬಲಗಾಲಿನವನು ಎಡಗಾಲಿನಲ್ಲಿ ಒದೆಯಲು ಹಿಂಜರಿಯುತ್ತಾನೆ ಅಂತ ಗೊತ್ತಾದರೆ ಎಎಫ್‌ಎಲ್ ಕೋಚ್‌ಗಳು ಒಂದೇ ವಾರದಲ್ಲಿ ಅವನ ಆ ಪಕ್ಕ ಮುಚ್ಚಿಬಿಡುತ್ತಾರೆ.

ಇನ್ನು ಆ ಹತ್ತು ಸೆಕೆಂಡು. ಚೆಂಡು ಎದುರಾಳಿಗೆ ಹೋಯಿತು. ನಿಮ್ಮ ಹುಡುಗ ತಿರುಗಿ ಓಡಿದರೆ 'ಓ', ನಡೆದರೆ 'ನ'. ಮೊದಲ ಕ್ವಾರ್ಟರ್‌ನಲ್ಲಿ ಎಲ್ಲರಿಗೂ 'ಓ' ಇರುತ್ತೆ. ಮೂರನೆಯದರ ಕೊನೆಗೆ, ನಾಲ್ಕನೆಯದರಲ್ಲಿ ಯಾರ ಸಾಲು 'ಓ ಓ ಓ' ಅಂತ ಮುಂದುವರಿಯುತ್ತೋ ಅವನ ಹೆಸರಿಗೆ ನಾನು ಎರಡು ಗೆರೆ ಎಳೆಯುತ್ತೇನೆ. ಯಾರೂ ಕ್ಯಾಮೆರಾ ಹಿಡಿಯದ ಓಟ ಅದು. ನನ್ನ ಮಗನಿಗೂ ನಾನು ಹೇಳುವುದು ಇದನ್ನೇ: ಗೋಲ್ ಹೊಡೆದಿದ್ದನ್ನು ಎಲ್ಲರೂ ನೋಡುತ್ತಾರೆ ಕಂದಾ, ನೀನು ವಾಪಸ್ ಓಡಿದ್ದನ್ನು ಅಮ್ಮ ನೋಡಿದಳು.

2019ರ ಹುಡುಗರನ್ನು ಹಿಡಿದು ಅಭ್ಯಾಸ ಮಾಡಿ

ಫಲಿತಾಂಶ ಗೊತ್ತಿರುವ ಹಳೆಯ ವರ್ಷ ಒಂದನ್ನು ತೆಗೆದುಕೊಂಡು ಅಭ್ಯಾಸ ಮಾಡಿದರೆ ಕಣ್ಣು ಬೇಗ ಪಳಗುತ್ತೆ. 2019 ಇದಕ್ಕೆ ಹೇಳಿ ಮಾಡಿಸಿದ ವರ್ಷ. ಮ್ಯಾಟ್ ರೊವೆಲ್ 1, ನೋವಾ ಆ್ಯಂಡರ್ಸನ್ 2. ಇಬ್ಬರೂ ಕ್ಯಾರಿ ಗ್ರಾಮರ್ ಶಾಲೆಯವರು, ಇಬ್ಬರೂ ಓಕ್ಲಿ ಚಾರ್ಜರ್ಸ್, ಆ ವರ್ಷ ಚಾಂಪಿಯನ್ ಆದದ್ದೂ ಓಕ್ಲಿಯೇ. ಇಬ್ಬರನ್ನೂ ಗೋಲ್ಡ್ ಕೋಸ್ಟ್ ಸನ್ಸ್ ತೆಗೆದುಕೊಂಡಿತು. ಒಂದೇ ಶಾಲೆ, ಒಂದೇ ಟೂರ್ನಿ, ಒಂದೇ ತಂಡ. ಹೋಲಿಕೆಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆದರೂ ಆಟಗಾರರಾಗಿ ಇಬ್ಬರೂ ಬೇರೆ ಬೇರೆ. ರೊವೆಲ್ ಕುಳ್ಳ, ಗಟ್ಟಿ ಮೈ. ಚೆಂಡು ನೆಲದಲ್ಲಿದ್ದರೆ ಅವನ ತಲೆ ಎಲ್ಲರಿಗಿಂತ ಕೆಳಗೆ ಇರುತ್ತೆ. ಟ್ಯಾಕಲ್ ಅಂದರೆ ಮೊದಲು ನೆನಪಾಗುವ ಹೆಸರು ಅವನದೇ. ಆ್ಯಂಡರ್ಸನ್ ಎತ್ತರ, 190 ಸೆಂಟಿಮೀಟರ್ ದಾಟಿದವನು. ಓಡುತ್ತಲೇ ಚೆಂಡು ಪಡೆದು ದೂರಕ್ಕೆ ಒದೆಯುವವನು, ಮುಂದೆ ಹೋಗಿ ಗೋಲ್ ಹೊಡೆಯುವವನು. 2022ರಲ್ಲಿ ರಿಚ್‌ಮಂಡ್ ಎದುರು ಆಟ ಮುಗಿಯುವ ಸೈರನ್ ಆದ ಮೇಲೆ ಅವನು ಹೊಡೆದ ಗೋಲನ್ನು ಹುಡುಕಿ ನೋಡಿ.

ಯಾರು ಮೇಲು? 2020ರ ಮೊದಲ ಕೆಲವು ವಾರ ನೋಡಿದ್ದರೆ ರೊವೆಲ್ ಅನ್ನುತ್ತಿದ್ದಿರಿ. ಅಷ್ಟು ಚೆನ್ನಾಗಿ ಆಡಿದ. 5ನೇ ರೌಂಡ್‌ನಲ್ಲಿ ಭುಜಕ್ಕೆ ಪೆಟ್ಟಾಗಿ ಆ ವರ್ಷ ಮುಗಿಯಿತು. ಆಮೇಲಿನ ಒಂದೆರಡು ವರ್ಷ ಆ್ಯಂಡರ್ಸನ್ ಅನ್ನುವವರೇ ಜಾಸ್ತಿ ಇದ್ದರು. 2025ಕ್ಕೆ ಆ್ಯಂಡರ್ಸನ್ ನಾಯಕನಾದ, ಸನ್ಸ್ ಮೊದಲ ಸಲ ಫೈನಲ್ಸ್‌ಗೆ, ಅಂದರೆ ಸೀಸನ್ ಕೊನೆಯ ನಾಕೌಟ್ ಹಂತಕ್ಕೆ, ಹೋಯಿತು. ಅದೇ ವರ್ಷ ರೊವೆಲ್ 39 ಮತ ಪಡೆದು ಬ್ರೌನ್‌ಲೋ ಪದಕ ಗೆದ್ದ. ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕ ಅದು. ನನ್ನ ಉತ್ತರ ಕೇಳಿದರೆ, ಗುಂಪಿನೊಳಗಿನ ಸಾಲಿನಲ್ಲಿ ರೊವೆಲ್ ಮೊದಲು, ಓಟದ ಸಾಲಿನಲ್ಲಿ ಆ್ಯಂಡರ್ಸನ್ ಮೊದಲು, ಮತ್ತು ಒಬ್ಬರ ಆಟ ಇನ್ನೊಬ್ಬರಿಗೆ ದಾರಿ ಮಾಡಿಕೊಡುತ್ತೆ.

ಅದೇ ಡ್ರಾಫ್ಟ್‌ನಲ್ಲಿ ಕೆಳಗೂ ಕಣ್ಣು ಹಾಯಿಸಿ. ಗಿಪ್ಸ್‌ಲ್ಯಾಂಡ್‌ನ ಕೇಲಬ್ ಸೆರಾಂಗ್ 8ಕ್ಕೆ ಹೋದ, 2020ರ ರೈಸಿಂಗ್ ಸ್ಟಾರ್ ಆದ. ಚಾಡ್ ವಾರ್ನರ್ 39ರವರೆಗೆ ಉಳಿದಿದ್ದ. ಇವತ್ತು ಸಿಡ್ನಿ ಸ್ವಾನ್ಸ್‌ನಲ್ಲಿ ಗುಂಪಿನಿಂದ ಸಿಡಿದು ಹೊರಬರುವ ಅವನ ಓಟವನ್ನು ನೋಡುವುದೇ ಒಂದು ಖುಷಿ. ಆ ವರ್ಷದ ಅಂಡರ್-18 ಚಾಂಪಿಯನ್‌ಶಿಪ್‌ನಲ್ಲಿ ಅತ್ಯುತ್ತಮ ಆಟಗಾರನ ಲಾರ್ಕ್ ಪದಕ ಗೆದ್ದವನು ಡೆವನ್ ರಾಬರ್ಟ್‌ಸನ್. ಅವನು 22ಕ್ಕೆ ಬ್ರಿಸ್ಬೇನ್‌ಗೆ ಹೋದ. ಲಾಕಿ ನೀಲ್, ಹ್ಯೂ ಮೆಕ್ಲಗೇಜ್ ಇರುವ ಮಿಡ್‌ಫೀಲ್ಡ್‌ನಲ್ಲಿ ಖಾಯಂ ಜಾಗ ಸಿಗುವುದೇ ಕಷ್ಟವಾಯಿತು. ಹುಡುಗ ಯಾವ ಕ್ಲಬ್ಬಿಗೆ ಹೋಗುತ್ತಾನೆ ಅನ್ನೋದೂ ಅವನ ಭವಿಷ್ಯದ ಅರ್ಧ ಭಾಗ. ಪಟ್ಟಿ ಬರೆಯುವಾಗ ಅದು ನಮ್ಮ ಕೈಯಲ್ಲಿರೋದಿಲ್ಲ.

ಲಾಕಿ ನೀಲ್ ಹೆಸರು ಬಂದಿದ್ದಕ್ಕೆ ಇನ್ನೊಂದು ಮಾತು. 177 ಸೆಂಟಿಮೀಟರ್ ಎತ್ತರ, 2011ರಲ್ಲಿ 58ನೇ ಪಿಕ್. ಎರಡು ಬ್ರೌನ್‌ಲೋ ಗೆದ್ದ, 2020 ಮತ್ತು 2023ರಲ್ಲಿ. ಎತ್ತರದ ಕಾಲಂ ನೋಡಿ ಯಾರನ್ನೂ ಕೆಳಗೆ ತಳ್ಳಬೇಡಿ.

ಕಂಬೈನ್ ಪರೀಕ್ಷೆಗೆ ಎಷ್ಟು ಬೆಲೆ?

ಅಕ್ಟೋಬರ್‌ನಲ್ಲಿ ಹುಡುಗರಿಗೆ ಕಂಬೈನ್ ಅನ್ನುವ ದೈಹಿಕ ಪರೀಕ್ಷೆ ಇರುತ್ತೆ. 20 ಮೀಟರ್ ಓಟ, 2 ಕಿಲೋಮೀಟರ್ ಓಟ, ಚುರುಕುತನ, ಜಿಗಿತ. 20 ಮೀಟರ್ 3 ಸೆಕೆಂಡಿಗಿಂತ ಕಡಿಮೆ ಅಂದರೆ ಒಳ್ಳೆಯ ವೇಗ. 2 ಕಿಲೋಮೀಟರ್ 6 ನಿಮಿಷದ ಆಸುಪಾಸು ಅಂದರೆ ಒಳ್ಳೆಯ ಉಸಿರು. ಮಿಡ್‌ಫೀಲ್ಡರ್‌ಗೆ ಎರಡನೆಯದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ, ಅದೂ ನನ್ನ 'ಓ' ಸಾಲಿಗೆ ತಾಳೆಯಾದರೆ ಮಾತ್ರ. ಮೈದಾನದಲ್ಲಿ ನಡೆದವನು ಟ್ರ್ಯಾಕ್ ಮೇಲೆ ಚೆನ್ನಾಗಿ ಓಡಿದರೆ ಅವನಿಗೆ ಶಕ್ತಿ ಇದೆ, ಮನಸ್ಸು ಬರಬೇಕು. ಕ್ಲಬ್‌ಗಳಿಗೆ ಇಂಥವನನ್ನು ತಿದ್ದುವುದು ಗೊತ್ತು. ಹಾಗಾಗಿ ಅವನ ಹೆಸರನ್ನು ನಾನು ಪೂರ್ತಿ ಹೊಡೆಯುವುದಿಲ್ಲ.

ಕೊನೆಗೆ ಪಟ್ಟಿ

ಡ್ರಾಫ್ಟ್‌ಗೆ ಒಂದು ವಾರ ಇರುವಾಗ ಕೂತು ಬರೆಯಿರಿ. ಪ್ರತಿ ಹೆಸರಿನ ಮುಂದೆ ಎರಡು ಸಾಲು ಸಾಕು. ಒಂದು, ಇವನು ಯಾವ ಕೆಲಸ ಮಾಡುತ್ತಾನೆ. ಇನ್ನೊಂದು, ಯಾವುದನ್ನು ನೋಡಿ ಹಾಗೆ ಹೇಳುತ್ತಿದ್ದೀರಿ. 'ಚೆನ್ನಾಗಿ ಆಡುತ್ತಾನೆ' ಅಂತ ಬರೆಯಬೇಡಿ. 'ಗಾಳಿಯ ದಿನ ಎರಡನೇ ಕ್ವಾರ್ಟರ್‌ನಲ್ಲಿ ನಾಲ್ಕು ಸಲ ಗುಂಪಿನಿಂದ ತೆಗೆದ, ಮೂರು ಟಿಕ್ ಒಂದು ಚುಕ್ಕಿ' ಅಂತ ಬರೆಯಿರಿ.

ಗಾಯಗಳಿಗೆ ಬೇರೆ ಕಾಲಂ ಇಡಿ, ಆಟದ ಅಂದಾಜಿಗೆ ಅದನ್ನು ಬೆರೆಸಬೇಡಿ. 2024ರಲ್ಲಿ 3ನೇ ಪಿಕ್‌ನಲ್ಲಿ ಕಾರ್ಲ್‌ಟನ್‌ಗೆ ಹೋದ ಜ್ಯಾಗ ಸ್ಮಿತ್‌ಗೆ 2025ರ ಸೀಸನ್ ಶುರುವಾಗುವ ಮೊದಲೇ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿಯಿತು. ಓಕ್ಲಿಯಲ್ಲಿ ಅವನನ್ನು ನೋಡಿ ಮೆಚ್ಚಿದವರ ಅಂದಾಜು ಅದರಿಂದ ಸುಳ್ಳಾಗುವುದಿಲ್ಲ.

ನಿಮ್ಮ ಪಟ್ಟಿಯ ಕ್ರಮಕ್ಕೂ ಟಿವಿಯಲ್ಲಿ ಹೆಸರು ಕರೆಯುವ ಕ್ರಮಕ್ಕೂ ತಾಳೆಯಾಗದಿದ್ದರೆ ಗಾಬರಿ ಬೇಡ. ಒಂದು ಕ್ಲಬ್ಬಿಗೆ 100 ಮ್ಯಾಚ್ ಆಡಿದವರ ಮಗನಾದರೆ ಆ ಕ್ಲಬ್ಬಿಗೆ ಅವನ ಮೇಲೆ ಮೊದಲ ಹಕ್ಕು ಇರುತ್ತೆ. ಬೇರೆ ಕ್ಲಬ್ ಅವನಿಗೆ ಬಿಡ್ ಮಾಡಿದಾಗ, ಅಂದರೆ ತನ್ನ ಸರದಿಯಲ್ಲಿ ಅವನ ಹೆಸರು ಹೇಳಿದಾಗ, ತನ್ನ ಪಿಕ್‌ಗಳಿಗೆ ಇರುವ ಪಾಯಿಂಟ್ ಕೊಟ್ಟು ಅವನನ್ನು ಉಳಿಸಿಕೊಳ್ಳಬಹುದು. ಲೀವೈ ಆ್ಯಶ್‌ಕ್ರಾಫ್ಟ್ 2024ರಲ್ಲಿ 5ನೇ ಪಿಕ್ ಆಗಿ ಬ್ರಿಸ್ಬೇನ್ ಸೇರಿದ್ದು ಹೀಗೆ. ಅಪ್ಪ ಮಾರ್ಕಸ್ ಆ ಕ್ಲಬ್ಬಿನ ಹಳೆಯ ಆಟಗಾರ. ನಿಕ್ ಡೇಕಾಸ್ 2021ರಲ್ಲಿ 4ನೇ ಪಿಕ್ ಆಗಿ ಕಾಲಿಂಗ್‌ವುಡ್‌ಗೆ ಹೋದದ್ದೂ ಹೀಗೆ. ಆ ವರ್ಷ ನಿಕ್‌ನನ್ನು ಪಟ್ಟಿಯ ಮೊದಲಲ್ಲಿ ಬರೆದವರು ಬಹಳ ಜನ ಇದ್ದರು, ಮರುವರ್ಷ ರೈಸಿಂಗ್ ಸ್ಟಾರ್ ಗೆದ್ದವನೂ ಅವನೇ. ಆದ್ದರಿಂದ ಡ್ರಾಫ್ಟ್ ರಾತ್ರಿ ನಿಮ್ಮ ಕಾಗದದ ಬದಿಯಲ್ಲಿ ಅಪ್ಪನ ಕ್ಲಬ್‌ನ ಹಕ್ಕು ಇರುವವರಿಗೆ ಮತ್ತು ಇಂಥದೇ ಹಕ್ಕು ಇರುವ ಕ್ಲಬ್ ಅಕಾಡೆಮಿಯಿಂದ ಬಂದವರಿಗೆ ಮೊದಲೇ ಒಂದು ಗುರುತು ಹಾಕಿಟ್ಟುಕೊಳ್ಳಿ. ಉಳಿದ ಹೆಸರುಗಳ ಕ್ರಮವನ್ನು ಮಾತ್ರ ಕ್ಲಬ್‌ಗಳ ಆಯ್ಕೆಯ ಜೊತೆ ಹೋಲಿಸಿ. ಪಟ್ಟಿಯ ಮೇಲೆ ದಿನಾಂಕ ಬರೆದು ಇಡಿ. ಮೂರು ಸೀಸನ್ ಆದ ಮೇಲೆ ತೆಗೆದು ನೋಡುವಾಗ ಅದು ಬೇಕಾಗುತ್ತೆ.